ಹಿತ್ತಿಲು, ಕೈತೋಟಗಳಲ್ಲಿ ಇಲಿ–ಹೆಗ್ಗಣಗಳ ಹಾವಳಿ ಮತ್ತು ಹತೋಟಿ

ಮನೆಗೆ ತಾಗಿದ ಹಿತ್ತಿಲು, ಅಂಗಳದ ಕೈತೋಟ, ತಾರಸಿಯ ಕುಂಡಗಳಲ್ಲಿ ಬೆಳೆದ ಕಾಯಿಪಲ್ಯ, ಗೆಡ್ಡೆಗೆಣಸು, ಹಣ್ಣು ಹಾಗೂ ತೆಂಗು ಬಾಳೆಗಳನ್ನು ಕಡಿದು, ತಿಂದು, ಬುಡ ಅಗೆದು ಹಾಳುಮಾಡುವ ಪ್ರಾಣಿಗಳಲ್ಲಿ ಇಲಿ ಮತ್ತು ಹೆಗ್ಗಣಗಳದೇ ಮೊದಲ ಸ್ಥಾನ. ಇವು ದಂಶಕಗಳೆಂಬ, ಅಂದರೆ ಬದುಕಿರುವವರೆಗೂ ಬೆಳೆಯುತ್ತಲೇ ಇರುವ ಬಾಚಿಹಲ್ಲುಗಳುಳ್ಳ ಸಸ್ತನಿಗಳ ಗಣಕ್ಕೆ ಸೇರಿದವು. ಭಾರತದಲ್ಲಿ 100ಕ್ಕೂ ಹೆಚ್ಚು ಪ್ರಭೇದದ ದಂಶಕಗಳಿದ್ದರೂ ಬೆಳೆಗೆ ಗಣನೀಯ ಹಾನಿ ಮಾಡುವವು ಸುಮಾರು 18 ಮಾತ್ರ. ಅವುಗಳಲ್ಲೂ ಕರ್ನಾಟಕದ ಮನೆಯಂಗಳಕ್ಕೆ ಕಾಲಿಡುವವು ನಾಲ್ಕೈದು. ಹೊಲದಲ್ಲಿ ಸುಗ್ಗಿ ಮುಗಿದೊಡನೆ ಇಲಿಯ ಆಹಾರ ತೀರುತ್ತದೆ, ಬೇಸಿಗೆಯಲ್ಲಿ ನೆಲ ಬರಿದಾಗುತ್ತದೆ. ಹಿತ್ತಿಲಿನಲ್ಲಿ ಹಾಗಿಲ್ಲ, ಅಲ್ಲಿ ಮುಸುರೆಯ ನೀರು, ಕೋಳಿಯ ಕಾಳು, ನಾಯಿಯ ತಟ್ಟೆಯಲ್ಲಿ ಉಳಿದ ಅನ್ನ, ಸೌದೆ ರಾಶಿಯ ಸಂದುಗಳು ವರ್ಷವಿಡೀ ದೊರೆಯುತ್ತವೆ. ಆದಕಾರಣ ಹಿತ್ತಿಲಿನ ಇಲಿಯ ಪ್ರಶ್ನೆ ಕೊಲ್ಲುವ ಉಪಾಯದ ಪ್ರಶ್ನೆಯಾಗುವುದಕ್ಕೆ ಮೊದಲು ಊಟ ಮತ್ತು ಆಸರೆಗಳ ಪ್ರಶ್ನೆಯಾಗಿರುತ್ತದೆ.

ಬಗೆಗಳು

ಕೈತೋಟದ ನೆಲಕ್ಕೆ ಅತಿ ಹೆಚ್ಚು ಕಂಟಕವಾದದ್ದು ಸಣ್ಣ ಹೆಗ್ಗಣ. ಶಾಸ್ತ್ರೀಯವಾಗಿ ಬ್ಯಾಂಡಿಕೋಟ ಬೆಂಗಾಲೆನ್ಸಿಸ್ ಎನಿಸಿಕೊಂಡ ಈ ಪ್ರಾಣಿ ಸಾಮಾನ್ಯವಾಗಿ 200ರಿಂದ 400 ಗ್ರಾಂ ತೂಗುತ್ತದೆ. ಮೈಯ ಮೇಲೆ ಬಿರುಸಾದ ಕಂದು ಕೂದಲು, ದುಂಡು ಮುಖ, ಮೈಗಿಂತ ಮೋಟಾದ ಬಾಲ ಇದರ ಗುರುತುಗಳು. ಇದು ನೆಲದಡಿ ಹಲವು ಕವಲುಗಳ ಬಿಲವನ್ನು ತೋಡಿ, ಒಂದು ಕೋಣೆಯಲ್ಲಿ ಮರಿ, ಇನ್ನೊಂದರಲ್ಲಿ ದಾಸ್ತಾನು ಎಂದು ವ್ಯವಸ್ಥೆ ಮಾಡಿಕೊಳ್ಳುತ್ತದೆ; ಆಪತ್ತಿಗೆಂದು ತೆಳುವಾದ ಮಣ್ಣಿನ ಹೊದಿಕೆಯಷ್ಟೇ ಉಳಿಸಿದ ಕಳ್ಳದಾರಿಗಳನ್ನೂ ಇಟ್ಟುಕೊಂಡಿರುತ್ತದೆ. ಬಿಲದ ಬಾಯಲ್ಲಿ ಹೊಸ ಮಣ್ಣಿನ ಗುಪ್ಪೆ ಎದ್ದಿರುವುದು ಮತ್ತು ಒಳಗಿರುವ ಪ್ರಾಣಿ ಬಾಯಿಯನ್ನು ಮಣ್ಣಿನಿಂದ ಮುಚ್ಚಿಕೊಂಡಿರುವುದು ಇದರ ಸ್ಪಷ್ಟ ಲಕ್ಷಣ. ತಾಯಿ–ಮರಿಗಳನ್ನು ಬಿಟ್ಟರೆ ಒಂದು ಬಿಲದಲ್ಲಿ ಸಾಮಾನ್ಯವಾಗಿ ಒಂದೇ ಹೆಗ್ಗಣ ವಾಸಿಸುವುದರಿಂದ, ಅಂಗಳದಲ್ಲಿ ಎಷ್ಟು ಸಕ್ರಿಯ ಬಿಲಗಳಿವೆಯೋ ಅಷ್ಟು ಬೆಳೆದ ಹೆಗ್ಗಣಗಳಿವೆ ಎಂದು ಸ್ಥೂಲವಾಗಿ ಎಣಿಸಬಹುದು. ಹೊಲದ ಪ್ರಾಣಿ ಎನಿಸಿದ್ದರೂ ಇದು ನಗರಕ್ಕೂ ಒಗ್ಗಿದೆ. 1960ರ ದಶಕದಲ್ಲಿ ಕಲ್ಕತ್ತದ ಧಾನ್ಯದ ಗೋದಾಮುಗಳಲ್ಲಿ ಇದರ ಜೀವನಕ್ರಮವನ್ನು ಕುರಿತು ವಿವರವಾದ ಅಧ್ಯಯನ ನಡೆದಿತ್ತು.

ದೊಡ್ಡ ಹೆಗ್ಗಣ ಅಥವಾ ಬ್ಯಾಂಡಿಕೋಟ ಇಂಡಿಕ ಇದರ ಅಣ್ಣ. ಬೆಳೆದ ಪ್ರಾಣಿ ಒಂದು ಕಿಲೋಗ್ರಾಂ ಹತ್ತಿರ ತೂಗಬಲ್ಲುದು. ಕಾಂಪೌಂಡ್ ಗೋಡೆಯ ತಳ, ಚಪ್ಪಡಿ ಹೊದಿಸಿದ ಚರಂಡಿ, ದನದ ಕೊಟ್ಟಿಗೆಯ ಸುತ್ತ ಇದರ ಬಿಲಗಳಿರುತ್ತವೆ. ರಾತ್ರಿ ಹೊತ್ತು ಅಂಗಳ ದಾಟುವ ಈ ಪ್ರಾಣಿಯನ್ನು ಕಂಡು ಬೆಕ್ಕು ಹಿಂದೆ ಸರಿಯುವುದು ಹಳ್ಳಿಯವರಿಗೆ ಹೊಸದಲ್ಲ. ಬೆಳೆಯನ್ನು ತಿನ್ನುವುದಕ್ಕಿಂತ ಇದು ಅಗೆದು ಕೆಡಿಸುವುದೇ ಹೆಚ್ಚು. ಗೋಡೆಯ ಪಾಯದ ಪಕ್ಕದ ಮಣ್ಣು ಸಡಿಲಾಗಿ ಕಲ್ಲು ಕುಸಿಯುವುದೂ ಉಂಟು.

ಮನೆ ಇಲಿ, ಅಂದರೆ ರ‍್ಯಾಟಸ್ ರ‍್ಯಾಟಸ್, ನೆಲಕ್ಕಿಂತ ಮೇಲ್ಮಟ್ಟದ ಜೀವಿ. ಮೈಗಿಂತ ಉದ್ದವಾದ ಬಾಲ, ದೊಡ್ಡ ತೆಳು ಕಿವಿ, 100ರಿಂದ 200 ಗ್ರಾಂ ತೂಕದ ಹಗುರ ಮೈ ಇವುಗಳಿಂದಾಗಿ ಇದು ಮರ, ತಂತಿ, ಹೆಂಚಿನ ಮಾಡುಗಳ ಮೇಲೆ ಸಲೀಸಾಗಿ ಓಡಾಡುತ್ತದೆ. ಕರಾವಳಿ ಮತ್ತು ಮಲೆನಾಡುಗಳಲ್ಲಿ ತೆಂಗು, ಕೋಕೋ, ಏಲಕ್ಕಿ ಬೆಳೆಗಳಿಗೆ ಹಾನಿ ಮಾಡುವ ಮುಖ್ಯ ಇಲಿ ಇದೇ. ಕೆಲವು ಇಲಿಗಳು ತೆಂಗಿನ ತಲೆಯಲ್ಲೇ ಗೂಡು ಕಟ್ಟಿಕೊಂಡು, ಒಂದು ಮರದ ಗರಿಯಿಂದ ಇನ್ನೊಂದರ ಗರಿಗೆ ದಾಟುತ್ತ, ನೆಲಕ್ಕೆ ಇಳಿಯುವುದೇ ಅಪರೂಪ. ಚರಂಡಿಗಳಲ್ಲಿ ಈಜಿ ಬದುಕುವ ಕಂದು ಇಲಿ, ಅಂದರೆ ರ‍್ಯಾಟಸ್ ನಾರ್ವೆಜಿಕಸ್, ಬಂದರು ಮತ್ತು ದೊಡ್ಡ ನಗರಗಳಿಗೆ ಸೀಮಿತವಾದ್ದರಿಂದ ಕೈತೋಟದ ಮಟ್ಟಿಗೆ ಅಷ್ಟು ಮುಖ್ಯವಲ್ಲ.

ಎಲ್ಲಕ್ಕಿಂತ ಚಿಕ್ಕದಾದ ಮಸ್ ಮಸ್ಕ್ಯುಲಸ್ ಬಿತ್ತನೆ ಬೀಜ ಮತ್ತು ಸಸಿಮಡಿಗಳ ಶತ್ರು. ಇದನ್ನು ಬಹಳ ಕಡೆ ಸುಂಡಿಲಿ ಎನ್ನುತ್ತಾರೆ. ಕೆಲವೆಡೆ ಅದೇ ಹೆಸರು ಮೂಗಿಲಿಗೂ ಸಲ್ಲುವುದರಿಂದ ಗೊಂದಲ ಉಂಟಾಗಿದೆ. ಉದ್ದನೆಯ ಮೂತಿ, ಸಣ್ಣ ಕಣ್ಣು, ಕಟುವಾದ ವಾಸನೆಗಳುಳ್ಳ ಮೂಗಿಲಿ ದಂಶಕವೇ ಅಲ್ಲ; ಅದು ಜಿರಳೆ, ಹುಳು, ಕೀಟಗಳನ್ನು ತಿಂದು ಬದುಕುವ ಕೀಟಾಹಾರಿ. ಇಲಿಯೆಂದು ಭ್ರಮಿಸಿ ಅದನ್ನು ಕೊಲ್ಲುವುದರಿಂದ ತೋಟಕ್ಕೆ ನಷ್ಟವೇ. ಕಾಡಂಚಿನ ಮನೆಗಳ ಸುತ್ತ ಕಾಣುವ ಬಿಳಿಬಾಲದ ಕಾಡಿಲಿ ಮುಂತಾದ ದೇಶೀಯ ಪ್ರಭೇದಗಳನ್ನೂ ಉಪದ್ರವಿಗಳ ಪಟ್ಟಿಗೆ ಸೇರಿಸಬೇಕಾದ ಕಾರಣವಿಲ್ಲ.

ಜೀವನಕ್ರಮ ಮತ್ತು ನಡವಳಿಕೆ

ಬಾಚಿಹಲ್ಲು ಸದಾ ಬೆಳೆಯುವುದರಿಂದ ಅದನ್ನು ಸವೆಸಿಕೊಳ್ಳುವುದು ಇಲಿಗೆ ಅನಿವಾರ್ಯ. ಹನಿ ನೀರಾವರಿಯ ಕೊಳವೆ, ಪ್ಲಾಸ್ಟಿಕ್ ಡ್ರಮ್ಮು, ಪಂಪಿನ ವಿದ್ಯುತ್ ತಂತಿಯ ಹೊದಿಕೆಗಳಂಥ ತಿನ್ನಲಾಗದ ವಸ್ತುಗಳನ್ನೂ ಅದು ಕಡಿಯುವುದಕ್ಕೆ ಇದೂ ಒಂದು ಕಾರಣ. ದಿನವೊಂದಕ್ಕೆ ಇಲಿ ತನ್ನ ತೂಕದ ಹತ್ತರಲ್ಲೊಂದು ಪಾಲಿನಷ್ಟು ಆಹಾರ ತಿನ್ನುತ್ತದೆ. ಕಡಿದು ಚೆಲ್ಲುವುದು ಮತ್ತು ಮಲಮೂತ್ರಗಳಿಂದ ಕೆಡಿಸುವುದು ಇದಕ್ಕಿಂತ ಹೆಚ್ಚು. ಗರ್ಭಧಾರಣೆಯ ಅವಧಿ ಮೂರು ವಾರ ಅಥವಾ ಅದಕ್ಕಿಂತ ಒಂದೆರಡು ದಿನ ಹೆಚ್ಚು; ಒಂದು ಸೂಲಿಗೆ ಐದರಿಂದ ಎಂಟು ಮರಿಗಳು ಸಾಮಾನ್ಯ; ಮರಿಗಳು ಸುಮಾರು ಮೂರು ತಿಂಗಳಲ್ಲಿ ಪ್ರಾಯಕ್ಕೆ ಬರುತ್ತವೆ. ಹೆಚ್ಚಿನ ಇಲಿಗಳು ವರ್ಷ ತುಂಬುವುದರೊಳಗೆ ಸಾಯುತ್ತವೆ ಎಂಬುದು ನಿಜವಾದರೂ ಸಾವಿನ ವೇಗಕ್ಕಿಂತ ಹುಟ್ಟಿನ ವೇಗ ಹೆಚ್ಚಾಗಿ, ಆಹಾರ ಸಿಕ್ಕಿದಲ್ಲಿ ಸಂಖ್ಯೆ ಕೆಲವೇ ತಿಂಗಳಲ್ಲಿ ಹಲವು ಪಟ್ಟು ಏರುತ್ತದೆ.

ಹತೋಟಿಯ ದೃಷ್ಟಿಯಿಂದ ಇಲಿಯ ಎರಡು ಗುಣಗಳನ್ನು ಬಿಡಿಸಿ ನೋಡಬೇಕು. ಮೊದಲನೆಯದು ಹೊಸತನ್ನು ಕಂಡರೆ ಅದಕ್ಕಿರುವ ಅಂಜಿಕೆ. ತಾನು ದಿನವೂ ಓಡಾಡುವ ದಾರಿಯಲ್ಲಿ ಹಠಾತ್ತನೆ ಒಂದು ಬೋನು, ಒಂದು ತಟ್ಟೆ, ಸ್ಥಳ ಬದಲಾದ ಒಂದು ಕುಂಡ ಕಂಡರೂ ಅದು ಕೆಲವು ದಿನ ದೂರವೇ ಉಳಿಯುತ್ತದೆ. ಮುಟ್ಟಿದರೂ ಮೊದಲು ಚೂರೇ ಚೂರು ತಿಂದು ನೋಡುತ್ತದೆ. ಎರಡನೆಯದು ವಿಷಾಹಾರದ ನೆನಪು. ತಿಂದ ಸ್ವಲ್ಪ ಹೊತ್ತಿನಲ್ಲೇ ಸಂಕಟವಾಗಿ, ಆದರೆ ಸಾಯದೆ ಉಳಿದ ಇಲಿ ಆ ತಿನಿಸಿನ ರುಚಿಯನ್ನೂ ವಾಸನೆಯನ್ನೂ ಸಂಕಟದೊಂದಿಗೆ ಜೋಡಿಸಿಕೊಂಡು ಮುಂದೆ ಅದರ ಬಳಿ ಸುಳಿಯುವುದಿಲ್ಲ. ಇದನ್ನೇ ಎರೆಸಂಕೋಚ ಎನ್ನಬಹುದು. ಮೊದಲ ರಾತ್ರಿ ಬೋನು ಖಾಲಿ ಉಳಿದುದನ್ನು ಕಂಡು ಮಾರನೆಯ ದಿನವೇ ಜಾಗ ಬದಲಿಸುವವರು, ಅಥವಾ ಒಂದೇ ವಿಷವನ್ನು ವಾರವಾರವೂ ಇಡುವವರು ಸೋಲುವುದು ಇಲಿಯ ಬುದ್ಧಿವಂತಿಕೆಯ ಎದುರಲ್ಲ, ಈ ಎರಡು ಗುಣಗಳ ಎದುರು. ಇದರ ಜೊತೆಗೆ ಇಲಿ ಕಣ್ಣಿಗಿಂತ ಮೂಗು ಮತ್ತು ಮೀಸೆಗಳನ್ನು ಹೆಚ್ಚು ನಂಬುವ ಪ್ರಾಣಿ. ಗೋಡೆಗೋ ಕಲ್ಲಿಗೋ ಮೈ ತಾಗಿಸಿಕೊಂಡು ಒಂದೇ ಜಾಡಿನಲ್ಲಿ ಓಡುವುದರಿಂದ ಆ ಜಾಡು ಜಿಡ್ಡುಗಟ್ಟಿ ಕಪ್ಪಾಗಿ ಕಾಣುತ್ತದೆ.

ಮಳೆ ಮತ್ತು ಇಲಿಯ ಸಂಖ್ಯೆಗಳ ಸಂಬಂಧ ಕುರಿತು ಕರ್ನಾಟಕದ್ದೇ ಒಂದು ಹಳೆಯ ದಾಖಲೆ ಇದೆ. ಧಾರವಾಡ ಪ್ರಾಂತದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ ಅಲ್ಲಿನ ಸಸ್ತನಿಗಳ ಪಟ್ಟಿಯನ್ನು 1839ರಲ್ಲಿ ಮದ್ರಾಸಿನ ವಿದ್ವತ್ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಮೆಟ್ಟಾಡ ಎಂಬ ಮೆತ್ತನೆ ಕೂದಲಿನ ಹೊಲದಿಲಿ ಬೇಸಿಗೆಯಲ್ಲಿ ಎರೆನೆಲದ ಬಿರುಕುಗಳಲ್ಲಿ ವಾಸಿಸುವುದನ್ನೂ, ಮುಂಗಾರಿನ ಮೊದಲ ಮಳೆಗೆ ಬಿರುಕುಗಳು ಮುಚ್ಚಿಕೊಂಡಾಗ ಬಹುಸಂಖ್ಯೆಯಲ್ಲಿ ಸಾಯುವುದನ್ನೂ ಅವನು ಗಮನಿಸಿದ್ದ. 1826ರಲ್ಲಿ ಮುಂಗಾರಿನ ಆರಂಭದ ಮಳೆ ಕೈಕೊಟ್ಟಾಗ ಈ ಇಲಿಗಳು ಸಾಯದೆ ವಿಪರೀತ ಹೆಚ್ಚಿ, ಬಿತ್ತಿದ ಬೀಜವನ್ನು ಬಿತ್ತಿದ ಹಾಗೇ ತಿಂದು, ಅಳಿದುಳಿದ ಜೋಳದ ದಂಟನ್ನು ಏರಿ ತೆನೆ ಕತ್ತರಿಸಿ ಹೊಲಗಳನ್ನೇ ಬರಿದು ಮಾಡಿದವು. ರೈತರು ಕಂದಾಯ ಕಟ್ಟಲಾಗದ ಸ್ಥಿತಿಗೆ ಬಂದರು. ಮಣ್ಣು ಅಗೆಯುವ ಕಾಯಕದ ಒಡ್ಡ ಸಮುದಾಯದವರಿಗೆ ಡಜನ್ ಲೆಕ್ಕದಲ್ಲಿ ಧಾನ್ಯ ಅಳೆದುಕೊಟ್ಟು ಸಾವಿರಾರು ಇಲಿಗಳನ್ನು ಕೊಲ್ಲಿಸಿದರೂ ಸಂಖ್ಯೆ ಇಳಿದಂತೆ ಕಾಣಲಿಲ್ಲವೆಂದು ಅವನು ಬರೆದಿದ್ದಾನೆ. ಕೊಲ್ಲುವುದೊಂದರಿಂದಲೇ ಇಲಿಯ ಲೆಕ್ಕ ತೀರದು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ಹಾನಿಯ ಸ್ವರೂಪ ಮತ್ತು ಪತ್ತೆ

ಕೈತೋಟದಲ್ಲಿ ಹೆಗ್ಗಣದ ಹಾನಿ ಬಹುಪಾಲು ಕಣ್ಣಿಗೆ ಮರೆಯಾಗಿ, ನೆಲದೊಳಗೆ ನಡೆಯುತ್ತದೆ. ಸಿಹಿಗೆಣಸು, ಮರಗೆಣಸು, ಶೇಂಗಾ, ಸುವರ್ಣಗೆಡ್ಡೆಗಳ ಬಳ್ಳಿಯೋ ಎಲೆಯೋ ಹಸಿರಾಗಿಯೇ ಇರುತ್ತದೆ. ಕೀಳುವ ದಿನ ನೋಡಿದರೆ ಗೆಡ್ಡೆಯ ತಿರುಳು ಹೋಗಿ ಸಿಪ್ಪೆಯ ದೊನ್ನೆ ಮಾತ್ರ ಉಳಿದಿರುತ್ತದೆ. ಬಾಳೆಯ ಕಂದನ್ನು ಒಂದು ಬದಿಯಿಂದ ಕೊರೆದಾಗ ಗೊನೆ ಬಿಟ್ಟ ಗಿಡ ಸಣ್ಣ ಗಾಳಿಗೂ ವಾಲುತ್ತದೆ. ಹೊಸದಾಗಿ ನೆಟ್ಟ ತೆಂಗಿನ ಸಸಿಯ ಮೃದುವಾದ ಬುಡವನ್ನೂ ಹೆಗ್ಗಣ ಬಿಡುವುದಿಲ್ಲ. ಬಿತ್ತಿದ ಅವರೆ, ಬಟಾಣಿ, ಮೆಕ್ಕೆಜೋಳ, ಕುಂಬಳದ ಬೀಜಗಳನ್ನು ಸುಂಡಿಲಿಗಳು ಸಾಲು ಹಿಡಿದು ಕೆದಕಿ ತಿನ್ನುತ್ತವೆ. ಮೊಳಕೆ ಬಾರದ ಸಾಲನ್ನು ಕಂಡು ಬೀಜದ ಅಂಗಡಿಯವನನ್ನು ದೂರುವ ಮುನ್ನ ಮಣ್ಣಿನಲ್ಲಿ ಸಣ್ಣ ಗುಳಿಗಳೂ ಬೀಜದ ಸಿಪ್ಪೆಗಳೂ ಇವೆಯೇ ಎಂದು ನೋಡುವುದು ಒಳಿತು.

ಮರದ ಬೆಳೆಗಳಲ್ಲಿ ತೆಂಗಿನ ಹಾನಿಯನ್ನು ಗುರುತಿಸುವುದು ಸುಲಭ. ಇಲಿ ಎಳೆಯ ಕಾಯಿಯ ತೊಟ್ಟಿನ ಹತ್ತಿರ ದುಂಡಗಿನ ತೂತು ಕೊರೆದು, ನೀರನ್ನೂ ಎಳೆಗಂಜಿಯನ್ನೂ ತಿಂದ ಮೇಲೆ ಕಾಯಿ ಉದುರುತ್ತದೆ. ಮರದ ಬುಡದಲ್ಲಿ ಇಂಥ ತೂತುಗಾಯಿಗಳು ದಿನವೂ ಸಿಗುತ್ತಿದ್ದರೆ ತಲೆಯಲ್ಲಿ ಇಲಿ ನೆಲೆಸಿದೆ ಎಂದೇ ಅರ್ಥ. ಕೋಕೋ ಕಾಯಿಯಲ್ಲಿ ಇಲಿಯ ಕೆಲಸವನ್ನೂ ಅಳಿಲಿನ ಕೆಲಸವನ್ನೂ ಬೇರ್ಪಡಿಸಬೇಕಾಗುತ್ತದೆ: ಇಲಿ ಸಾಮಾನ್ಯವಾಗಿ ತೊಟ್ಟಿನ ಕಡೆ ಕಡಿಯುತ್ತದೆ ಮತ್ತು ಬಲಿಯದ ಕಾಯಿಯನ್ನೂ ಬಿಡುವುದಿಲ್ಲ, ಅಳಿಲು ಹಣ್ಣಾದ ಕಾಯಿಯ ನಡುಭಾಗವನ್ನು ಕೊರೆಯುತ್ತದೆ. ಪಪ್ಪಾಯಿ, ಸೀಬೆ, ಚಿಕ್ಕು ಹಣ್ಣುಗಳ ಹಾನಿಯಲ್ಲಿ ಬಾವಲಿ, ಅಳಿಲು, ಮರಬೆಕ್ಕುಗಳ ಪಾಲೂ ಇರುವುದರಿಂದ ಕಂಡ ಗಾಯವೆಲ್ಲ ಇಲಿಯದೇ ಎನ್ನಲಾಗದು. ಟೊಮ್ಯಾಟೊ, ಸೌತೆ, ಬದನೆಗಳ ಮೇಲೆ ಜೋಡಿ ಗೆರೆಗಳಂತೆ ಮೂಡಿದ ಹಲ್ಲಿನ ಗುರುತು ದಂಶಕದ್ದು. ಆ ಗೆರೆಯ ಅಗಲ ಹೆಚ್ಚಿದಷ್ಟೂ ಪ್ರಾಣಿ ದೊಡ್ಡದು.

ಹಿಕ್ಕೆಯಿಂದಲೂ ಪ್ರಭೇದವನ್ನು ಊಹಿಸಬಹುದು. ಸುಂಡಿಲಿಯದು ಜೀರಿಗೆಯಷ್ಟು, ಮನೆ ಇಲಿಯದು ಎರಡೂ ತುದಿ ಚೂಪಾಗಿ ಒಂದು ಸೆಂಟಿಮೀಟರಿಗೆ ತುಸು ಹೆಚ್ಚು, ಹೆಗ್ಗಣದ್ದು ಇನ್ನೂ ದಪ್ಪ. ಆದರೆ ಬಿಲದಲ್ಲಿ ವಾಸವಿದೆಯೇ ಇಲ್ಲವೇ ಎಂದು ತಿಳಿಯಲು ಹಿಕ್ಕೆಗಿಂತ ನಂಬಲರ್ಹವಾದ, ಖರ್ಚಿಲ್ಲದ ಉಪಾಯವೊಂದಿದೆ. ಸಂಜೆ ಹಿತ್ತಿಲನ್ನು ಒಂದು ಸುತ್ತು ಬಂದು, ಕಂಡ ಬಿಲಗಳ ಬಾಯನ್ನೆಲ್ಲ ಹಸಿಮಣ್ಣಿನಿಂದ ಮುಚ್ಚಿ, ಪ್ರತಿಯೊಂದರ ಪಕ್ಕ ಒಂದು ಕಡ್ಡಿ ನೆಡಬೇಕು. ಮರುದಿನ ಬೆಳಗ್ಗೆ ನೋಡಿದಾಗ ಕೆಲವು ಹಾಗೆಯೇ ಮುಚ್ಚಿರುತ್ತವೆ, ಕೆಲವುಗಳ ಬಾಯಲ್ಲಿ ಮಣ್ಣು ಹೊರಗೆ ತಳ್ಳಲ್ಪಟ್ಟು ಹುಡಿಹುಡಿಯಾಗಿ ಬಿದ್ದಿರುತ್ತದೆ. ಹೀಗೆ ತೆರೆದುಕೊಂಡವೇ ಸಕ್ರಿಯ ಬಿಲಗಳು. ಅಂಗಳದಲ್ಲಿ ಕಾಣುವ ಅನೇಕ ಬಿಲಗಳಲ್ಲಿ ನಿಜಕ್ಕೂ ವಾಸವಿರುವವು ಕೆಲವೇ ಎಂದು ಈ ಪರೀಕ್ಷೆಯಿಂದ ಗೊತ್ತಾಗುತ್ತದೆ. ಮದ್ದು, ಬೋನು, ಶ್ರಮಗಳೆಲ್ಲ ಅವುಗಳಿಗೆ ಮೀಸಲಾದರೆ ಸಾಕು. ಉಳಿದ ಹಳೆಯ ಬಿಲಗಳಿಗೆ ಕೈ ಹಾಕಬಾರದು, ಬಿಟ್ಟ ಬಿಲಗಳಲ್ಲಿ ನಾಗರಹಾವು ಸೇರಿಕೊಂಡಿರುವುದು ಸಾಮಾನ್ಯ.

ಬೆಳೆನಷ್ಟಕ್ಕಿಂತ ಗಂಭೀರವಾದದ್ದು ಇಲಿಯಿಂದ ಹರಡುವ ರೋಗ. ಇಲಿಜ್ವರವೆಂದು ಜನರಲ್ಲಿ ರೂಢವಾದ ಲೆಪ್ಟೊಸ್ಪೈರೋಸಿಸ್ ಸುರುಳಿಯಾಕಾರದ ಬ್ಯಾಕ್ಟೀರಿಯದಿಂದ ಬರುವಂಥದು. ಅಡಾಲ್ಫ್ ವೈಲ್ 1886ರಲ್ಲಿ ಇದರ ತೀವ್ರರೂಪವನ್ನು ವಿವರಿಸಿದ. ರೋಗಾಣುವನ್ನು ಜಪಾನಿನ ಇನಾಡ ಮತ್ತು ಇಡೊ 1915ರಲ್ಲಿ ಗುರುತಿಸಿದರು. ಇಲಿಯ ಮೂತ್ರದೊಂದಿಗೆ ಹೊರಬೀಳುವ ಈ ಅಣು ಒದ್ದೆ ಮಣ್ಣು ಮತ್ತು ನಿಂತ ನೀರಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಕಾಲಿನ ಒಡಕು, ಕೈಯ ತರಚುಗಾಯ, ಕಣ್ಣು ಬಾಯಿಗಳ ಒಳಪೊರೆಗಳ ಮೂಲಕ ಮೈಸೇರುತ್ತದೆ. ಮಳೆಗಾಲದಲ್ಲಿ ಬರಿಗಾಲಲ್ಲಿ ಹಿತ್ತಿಲಿನ ಕಣಿಗಳನ್ನು ಬಿಡಿಸುವವರಿಗೆ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನ ಜಿಲ್ಲೆಗಳವರಿಗೆ, ಇದರ ಅಪಾಯ ಹೆಚ್ಚು. ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಮೊದಲ ಲಕ್ಷಣಗಳು. ಸಕಾಲದಲ್ಲಿ ಸಾಮಾನ್ಯ ಜೀವಿರೋಧಕಗಳಿಂದಲೇ ಗುಣವಾಗುವ ಈ ರೋಗ ನಿರ್ಲಕ್ಷಿಸಿದರೆ ಯಕೃತ್ತು ಮತ್ತು ಮೂತ್ರಪಿಂಡಗಳನ್ನು ಹಿಡಿಯುತ್ತದೆ. ಹಾಗಾಗಿ ವೈದ್ಯರಲ್ಲಿ ತೋಟದ ಕೆಲಸದ ಸಂಗತಿಯನ್ನು ತಾವಾಗಿಯೇ ಹೇಳುವುದು ಅಗತ್ಯ. ಪ್ಲೇಗು ಇಂದು ದೂರ ಸರಿದಿದೆ. ಆದರೆ 1898ರಲ್ಲಿ ಬೆಂಗಳೂರಿಗೆ ಅದು ಕಾಲಿಟ್ಟಾಗ ಜನ ಊರು ತೊರೆದದ್ದೂ, ಬಸವನಗುಡಿ ಮಲ್ಲೇಶ್ವರಗಳಂಥ ಗಾಳಿಬೆಳಕಿನ ಬಡಾವಣೆಗಳಿಗೆ ಒತ್ತು ದೊರೆತದ್ದೂ ನಗರದ ಚರಿತ್ರೆಯ ಭಾಗ. ಇಲಿಯ ಮೈಮೇಲಿನ ಚಿಗಟವೇ ಪ್ಲೇಗನ್ನು ದಾಟಿಸುತ್ತದೆಂದು ಪಾಲ್ ಲೂಯಿ ಸಿಮೋಂ ಕರಾಚಿಯಲ್ಲಿ ಕಂಡುಕೊಂಡದ್ದು ಅದೇ ವರ್ಷ.

ಹತೋಟಿಯ ಕ್ರಮಗಳು

1940ರ ದಶಕದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಡೇವಿಡ್ ಡೇವಿಸ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನಗಳು ಇಲಿಹತೋಟಿಯ ಚಿಂತನೆಗೆ ಹೊಸ ದಿಕ್ಕು ತೋರಿದವು. ಒಂದು ಜಾಗದಲ್ಲಿ ಎಷ್ಟು ಇಲಿಗಳಿರಬಲ್ಲವು ಎಂಬುದನ್ನು ಅಲ್ಲಿನ ಆಹಾರ ಮತ್ತು ಆಸರೆಗಳು ನಿರ್ಧರಿಸುತ್ತವೆ. ವಿಷವಿಟ್ಟು ಅರ್ಧದಷ್ಟನ್ನು ಕೊಂದರೆ ಉಳಿದವು ಹೆಚ್ಚು ಮರಿ ಹಾಕಿ, ಪಕ್ಕದಿಂದಲೂ ಬಂದು ಸೇರಿ, ಮೊದಲಿನ ಸಂಖ್ಯೆಗೇ ಮರಳುತ್ತವೆ. ಕಸ ತೆಗೆದು, ಅಡಗುತಾಣ ಕೆಡವಿದರೆ ಮಾತ್ರ ಸಂಖ್ಯೆ ಇಳಿದು ಇಳಿದಲ್ಲೇ ನಿಲ್ಲುತ್ತದೆ. ಭಾರತದಲ್ಲಿ 1977ರಿಂದ ನಡೆದ ಅಖಿಲ ಭಾರತ ದಂಶಕ ನಿಯಂತ್ರಣ ಸಂಶೋಧನಾ ಯೋಜನೆಗೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯವೂ ಒಂದು ಕೇಂದ್ರವಾಗಿತ್ತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಸಂಗ್ರಹದ ಧಾನ್ಯಕ್ಕೆ ತಗಲುವ ಇಲಿಗಳ ಬಗ್ಗೆ ಸಂಶೋಧನೆ ನಡೆದಿದೆ.

ಹಿತ್ತಿಲಿನ ಮಟ್ಟಿಗೆ ಆಸರೆ ಕೆಡವುವುದೆಂದರೆ ಸೌದೆಯನ್ನು ಗೋಡೆಯಿಂದ ಒಂದು ಮೊಳ ದೂರ, ನೆಲದಿಂದ ಎತ್ತರಿಸಿ ಒಟ್ಟುವುದು. ತೆಂಗಿನ ಸಿಪ್ಪೆ, ಒಡೆದ ಹೆಂಚು, ಹಳೆಯ ಇಟ್ಟಿಗೆಗಳ ರಾಶಿಯನ್ನು ವರ್ಷಾನುಗಟ್ಟಲೆ ಬಿಡದಿರುವುದು. ಬೇಲಿಯ ಬುಡದ ಹುಲ್ಲು ಸವರುವುದು. ತೆಂಗಿನ ತಲೆಯ ಒಣಗರಿ, ಎಡೆಗಳನ್ನು ವರ್ಷಕ್ಕೊಮ್ಮೆಯಾದರೂ ತೆಗೆಸುವುದು. ಆಹಾರದ ವಿಷಯದಲ್ಲಿ ಗೊಬ್ಬರದ ಗುಂಡಿಯೇ ದೊಡ್ಡ ಸಮಸ್ಯೆ. ಸೊಪ್ಪು ಸೆದೆ, ಸಗಣಿಗಳಷ್ಟೇ ಬೀಳುತ್ತಿದ್ದ ಹಳೆಯ ತಿಪ್ಪೆಗೆ ಇಲಿ ಹೆಚ್ಚು ಆಸೆಪಡುತ್ತಿರಲಿಲ್ಲ. ಬೇಯಿಸಿದ ಅನ್ನ, ಚಪಾತಿ, ಮೀನು ಮಾಂಸದ ಚೂರುಗಳು ಬೀಳುವ ಇಂದಿನ ಕಾಂಪೋಸ್ಟ್ ಗುಂಡಿ ಅದಕ್ಕೆ ಅನ್ನಛತ್ರ. ಅಡುಗೆಯ ಉಳಿಕೆಯನ್ನು ಮುಚ್ಚಳವಿರುವ ಪಾತ್ರೆಯಲ್ಲಿ ಕೊಳೆಸುವುದು, ಗುಂಡಿಯ ತಳಕ್ಕೂ ಬದಿಗೂ ಸಣ್ಣ ಕಣ್ಣಿನ ಕಬ್ಬಿಣದ ಜಾಲರಿ ಹಾಕುವುದು, ವಾರಕ್ಕೊಮ್ಮೆ ಮಗುಚಿ ತೇವ ಕಾಯ್ದುಕೊಳ್ಳುವುದು ಇದಕ್ಕೆ ಪರಿಹಾರ. ಹಕ್ಕಿಗಳಿಗೆಂದು ಚೆಲ್ಲಿದ ಕಾಳು ಸಂಜೆಯ ನಂತರ ಇಲಿಯ ಪಾಲಾಗುವುದರಿಂದ ಉಳಿದದ್ದನ್ನು ಗುಡಿಸಿ ತೆಗೆಯಬೇಕು.

ತಡೆಗಳಲ್ಲಿ ಜಾಲರಿ ಮತ್ತು ತಗಡು ಮುಖ್ಯ. ಆರು ಮಿಲಿಮೀಟರ್ ಸಂದಿದ್ದರೆ ಸುಂಡಿಲಿ, ಹನ್ನೆರಡು ಮಿಲಿಮೀಟರ್ ಇದ್ದರೆ ಎಳೆಯ ಇಲಿ ನುಸುಳುತ್ತದೆಂಬ ಲೆಕ್ಕದಲ್ಲಿ ಜಾಲರಿಯ ಕಣ್ಣನ್ನು ಆರಿಸಿಕೊಳ್ಳಬೇಕು. ಪ್ಲಾಸ್ಟಿಕ್ ಬಲೆ, ಮರದ ಹಲಗೆಗಳು ಹಲ್ಲಿಗೆ ತಡೆಯುವುದಿಲ್ಲ. ಗೆಣಸಿನ ಮಡಿಯ ಸುತ್ತ ಜಾಲರಿಯನ್ನು ನೆಲದೊಳಕ್ಕೆ ಅರ್ಧ ಮೀಟರಿನಷ್ಟು ಇಳಿಸಿ ಕೆಳಗೆ ಹೊರಮುಖವಾಗಿ ಬಾಗಿಸಿದರೆ ಹೆಗ್ಗಣ ಅಗೆದುಕೊಂಡು ಬಂದರೂ ಅಲ್ಲಿ ತಡೆಯಲ್ಪಡುತ್ತದೆ. ತೆಂಗಿನ ಕಾಂಡಕ್ಕೆ ನೆಲದಿಂದ ಎರಡು ಮೀಟರ್ ಎತ್ತರದಲ್ಲಿ 40 ಸೆಂಟಿಮೀಟರ್ ಅಗಲದ ನುಣುಪಾದ ಸತುಲೇಪಿತ ತಗಡನ್ನು ಸುತ್ತುವುದು ಶಿಫಾರಸಾದ ಕ್ರಮ. ಗರಿಗಳು ಪಕ್ಕದ ಮರಕ್ಕೋ ಮನೆಯ ಮಾಡಿಗೋ ತಾಗುತ್ತಿದ್ದರೆ ಈ ತಗಡು ಅಲಂಕಾರವಷ್ಟೆ.

ಹಿಡಿಯುವ ಸಾಧನಗಳಲ್ಲಿ ತಂತಿಯ ಬೋನು ಮತ್ತು ಸ್ಪ್ರಿಂಗಿನ ಇಲಿಕತ್ತರಿ ಪ್ರಚಲಿತ. ತಂಜಾವೂರು ಸೀಮೆಯ ಗದ್ದೆಗಳಲ್ಲಿ ಬಿದಿರಿನ ಬಿಲ್ಲುಬೋನು ಬಳಕೆಯಲ್ಲಿದೆ. ಬೋನನ್ನು ಗೋಡೆಗೆ ತಾಗಿಸಿ, ಇಲಿಯ ಜಾಡಿನ ಮೇಲೇ, ಎರಡು ಮೂರು ರಾತ್ರಿ ಬಾಗಿಲು ಬೀಳದಂತೆ ಕಟ್ಟಿ ಒಳಗೆ ತಿನಿಸು ಇಟ್ಟು ಇಲಿಗೆ ಅಭ್ಯಾಸ ಮಾಡಿಸಿದ ಮೇಲೆ ಕೊಂಡಿ ಸಿಕ್ಕಿಸಬೇಕು. ಎರೆಗೆ ಸುಟ್ಟ ಕೊಬ್ಬರಿ ಚೂರು, ಒಣಮೀನು, ಹುರಿದ ಶೇಂಗಾ, ಎಣ್ಣೆಯಲ್ಲಿ ಕರಿದ ವಡೆ ಬಜ್ಜಿಗಳನ್ನು ಬಳಸುವುದು ರೂಢಿ. ತೋಟದಲ್ಲಿ ಧಾರಾಳವಾಗಿ ಸಿಗುವುದನ್ನು ಇಡುವುದಕ್ಕಿಂತ ಸಿಗದಿರುವುದನ್ನು ಇಡುವುದು ಲೇಸು. ಗಣಪತಿಯ ವಾಹನವೆಂಬ ಭಾವನೆಯಿಂದ ಕೊಲ್ಲಲೊಲ್ಲದೆ, ಸಿಕ್ಕಿದ ಇಲಿಯನ್ನು ಚೀಲದಲ್ಲಿ ಒಯ್ದು ಬೇರೆ ಬೀದಿಯಲ್ಲಿ ಬಿಟ್ಟು ಬರುವವರಿದ್ದಾರೆ. ಪಾಪಭೀತಿ ಅವರದು, ಇಲಿ ಇನ್ನೊಬ್ಬರದು.

ಇಲಿಪಾಷಾಣಗಳು ಎರಡು ವರ್ಗದವು. ಜಿಂಕ್ ಫಾಸ್ಫೈಡ್ ತೀವ್ರವಿಷ: ಹೊಟ್ಟೆಯ ಆಮ್ಲ ತಾಗಿದೊಡನೆ ಫಾಸ್ಫೀನ್ ಅನಿಲ ಬಿಡುಗಡೆಯಾಗಿ ಕೆಲವೇ ಗಂಟೆಗಳಲ್ಲಿ ಸಾವು. ಎಣ್ಣೆ ಸವರಿದ ನುಚ್ಚನ್ನು ವಿಷವಿಲ್ಲದೆ ಎರಡು ಮೂರು ದಿನ ಇಟ್ಟು ರೂಢಿ ಮಾಡಿಸಿ ಆಮೇಲೆ ಒಂದೇ ಸಲ ವಿಷ ಬೆರೆಸಿ ಇಡಬೇಕು. ಉಳಿದ ಇಲಿಗಳು ಎಚ್ಚತ್ತುಕೊಳ್ಳುವುದರಿಂದ ಮತ್ತೆ ಬೇಗನೆ ಇಟ್ಟರೆ ಫಲವಿಲ್ಲ. ಇದಕ್ಕೆ ಪ್ರತಿವಿಷವಿಲ್ಲದಿರುವುದರಿಂದ ಮಕ್ಕಳು, ದನ, ನಾಯಿ, ಕೋಳಿಗಳು ಓಡಾಡುವ ಹಿತ್ತಿಲಿಗೆ ಇದು ಹೇಳಿದ್ದಲ್ಲ. ಹಳದಿ ರಂಜಕದ ಪೇಸ್ಟ್ ಇದಕ್ಕಿಂತಲೂ ಕೆಟ್ಟದ್ದು. ಸಣ್ಣ ಪ್ರಮಾಣವೂ ಮನುಷ್ಯನ ಯಕೃತ್ತನ್ನು ಸಂಪೂರ್ಣ ಹಾಳುಮಾಡುತ್ತದೆ, ಅದಕ್ಕೂ ಪ್ರತಿವಿಷವಿಲ್ಲ. ದಕ್ಷಿಣ ಭಾರತದ ಆಸ್ಪತ್ರೆಗಳಲ್ಲಿ ಇದರಿಂದಾದ ಸಾವುಗಳು ಅನೇಕವಿರುವಾಗ, ಮನೆಯಲ್ಲಿ ಇದನ್ನು ಇಟ್ಟುಕೊಳ್ಳುವುದೇ ತಪ್ಪು ಎನ್ನಬೇಕಾಗುತ್ತದೆ.

ಎರಡನೆಯ ವರ್ಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ನಿಧಾನವಿಷಗಳದು. ಕೊಳೆತ ಮೇವು ತಿಂದ ದನಗಳು ರಕ್ತಸ್ರಾವದಿಂದ ಸಾಯುವುದರ ಕಾರಣ ಹುಡುಕುತ್ತಿದ್ದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾರ್ಲ್ ಪಾಲ್ ಲಿಂಕ್ ಅವರ ಪ್ರಯೋಗಾಲಯದಿಂದ ವಾರ್ಫರಿನ್ ಹೊರಬಂದು 1940ರ ದಶಕದ ಕೊನೆಗೆ ಇಲಿಮದ್ದಾಯಿತು. 1958ರ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಅದಕ್ಕೆ ಜಗ್ಗದ ಇಲಿಗಳು ಕಾಣಿಸಿಕೊಂಡಾಗ ಎರಡನೆಯ ಪೀಳಿಗೆಯ ಬ್ರೊಮಾಡಯೊಲೋನ್ ಮೊದಲಾದವು ಬಂದವು. ತಿಂದ ಕೆಲವು ದಿನಗಳ ಮೇಲೆ ಸಾವು ಬರುವುದರಿಂದ ಇಲಿಗೆ ತಿನಿಸಿನ ಮೇಲೆ ಸಂಶಯ ಹುಟ್ಟುವುದಿಲ್ಲ. ಆಕಸ್ಮಿಕವಾಗಿ ತಿಂದ ಮನುಷ್ಯನಿಗೋ ನಾಯಿಗೋ ಕೆ1 ಜೀವಸತ್ವ ಪ್ರತಿವಿಷವಾಗಿ ಒದಗುತ್ತದೆ. 0.005 ಶೇಕಡ ಪ್ರಮಾಣದ ಸಿದ್ಧ ಮೇಣದ ಬಿಲ್ಲೆಗಳನ್ನು ಸಕ್ರಿಯ ಬಿಲದೊಳಗೆ ಇಟ್ಟು ಬಾಯಿಗೆ ಹುಲ್ಲು ತುರುಕುವುದು ಹಿತ್ತಿಲಿಗೆ ಯೋಗ್ಯ ಕ್ರಮ. ತೆಂಗಿಗೆ ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಯಂತೆ ಐದು ಮರಗಳಿಗೆ ಒಂದರ ತಲೆಯಲ್ಲಿ ಬಿಲ್ಲೆ ಇಟ್ಟು, ಹನ್ನೆರಡು ದಿನಗಳ ಅಂತರದಲ್ಲಿ ಮತ್ತೊಮ್ಮೆ ಇಡಬೇಕು. ಇಲಿಗಳೇ ಮರದಿಂದ ಮರಕ್ಕೆ ದಾಟುವುದರಿಂದ ಎಲ್ಲ ಮರ ಹತ್ತುವ ಅಗತ್ಯವಿಲ್ಲ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಬೇಕು.

ಬಿಲಕ್ಕೆ ಹಾಕುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ತರಬೇತಿ ಪಡೆದವರ ಬಳಕೆಗಷ್ಟೇ ಮೀಸಲಾದದ್ದು. ಮನೆಗೆ ತಾಗಿದ ಬಿಲಕ್ಕೆ ಹಾಕಿದರೆ ಅನಿಲ ಪಾಯದ ಬಿರುಕಿನಿಂದ ಒಳಬಂದು ಮಲಗಿದವರ ಪ್ರಾಣ ತೆಗೆಯಬಲ್ಲುದು. ತೋಟದ ಸುತ್ತ ವಿದ್ಯುತ್ ತಂತಿ ಎಳೆಯುವುದೂ ಹಾಗೆಯೇ, ಅದು ಕಾನೂನುಬಾಹಿರ ಮಾತ್ರವಲ್ಲ, ಮನುಷ್ಯಘಾತುಕ. ಅಂಟುಹಲಗೆಯಲ್ಲಿ ಸಿಕ್ಕಿದ ಪ್ರಾಣಿ ಗಂಟೆಗಟ್ಟಲೆ ಒದ್ದಾಡಿ ಸಾಯುವುದರಿಂದಲೂ, ಹಲ್ಲಿ ಗುಬ್ಬಿಗಳೂ ಅದಕ್ಕೆ ಅಂಟುವುದರಿಂದಲೂ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ ಅದರ ಬಳಕೆಯನ್ನು ವಿರೋಧಿಸಿದೆ. ಕಿವಿಗೆ ಕೇಳದ ಶಬ್ದ ಹೊರಡಿಸುವ ಯಂತ್ರಗಳಿಗೆ ಇಲಿಗಳು ಬೇಗನೆ ಒಗ್ಗಿಕೊಳ್ಳುತ್ತವೆ. ನುಸಿಗುಳಿಗೆ, ಪುದೀನ ಎಣ್ಣೆ, ಮೆಣಸಿನ ಪುಡಿಗಳ ಪರಿಣಾಮವೂ ವಾಸನೆ ಇರುವಷ್ಟು ದಿನದ್ದು.

ಸಹಜ ಶತ್ರುಗಳಲ್ಲಿ ಕಣಜಗೂಬೆಗೆ ಮೊದಲ ಮಣೆ ಹಾಕಬೇಕು. ಬಹುಮಟ್ಟಿಗೆ ದಂಶಕಗಳನ್ನೇ ತಿಂದು ಬದುಕುವ ಈ ಹಕ್ಕಿ ಮರಿಗಳಿರುವ ಕಾಲದಲ್ಲಿ ರಾತ್ರಿಯೊಂದಕ್ಕೆ ಹಲವು ಇಲಿಗಳನ್ನು ಗೂಡಿಗೆ ತರುತ್ತದೆ. ಮಲೇಷ್ಯದ ತಾಳೆ ತೋಟಗಳಲ್ಲಿ ಇದಕ್ಕಾಗಿ ಗೂಡುಪೆಟ್ಟಿಗೆಗಳನ್ನು ನಿಲ್ಲಿಸಿರುವುದುಂಟು, ಲಕ್ಷದ್ವೀಪದಲ್ಲಿ ತೆಂಗಿನ ಇಲಿಗಳ ಮೇಲೆ ಇದನ್ನು ಬಿಡುವ ಪ್ರಯೋಗ ನಡೆದಿದೆ. ಅಪಶಕುನವೆಂದು ಗೂಬೆಯನ್ನು ಓಡಿಸುವ ಮನೆಯವರು ಇಲಿಯ ಕಾಟವನ್ನೂ ದೂರುವುದು ವಿಚಿತ್ರ. ಕೇರೆಹಾವು ವಿಷವಿಲ್ಲದ್ದು, ಬಿಲದೊಳಗೇ ನುಗ್ಗಿ ಇಲಿ ಹಿಡಿಯಬಲ್ಲದ್ದು, ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯುಳ್ಳದ್ದು; ನಾಗರಹಾವೆಂದು ಭ್ರಮಿಸಿ ಅದನ್ನು ಹೊಡೆಯುವುದೇ ಹೆಚ್ಚು. ಮುಂಗುಸಿಯೂ ಉಪಕಾರಿ. ಬೆಕ್ಕು ಸುಂಡಿಲಿ ಮತ್ತು ಎಳೆಯ ಇಲಿಗಳಿಗೆ ಸಾಕು, ಬೆಳೆದ ಹೆಗ್ಗಣಕ್ಕೆ ಸಾಲದು. ಎರಡನೆಯ ಪೀಳಿಗೆಯ ನಿಧಾನವಿಷಗಳು ಸತ್ತ ಇಲಿಯ ಮೈಯಲ್ಲಿ ಉಳಿದು ಅದನ್ನು ತಿಂದ ಗೂಬೆ, ಬೆಕ್ಕುಗಳನ್ನೂ ಬಾಧಿಸುವುದರಿಂದ, ವಿಷ ಮತ್ತು ಗೂಬೆ ಎರಡನ್ನೂ ಒಂದೇ ಅಂಗಳದಲ್ಲಿ ನೆಚ್ಚಿಕೊಳ್ಳಲಾಗದು.

ಕಾಲದ ಆಯ್ಕೆಯಿಂದ ಶ್ರಮ ಅರ್ಧಕ್ಕೆ ಇಳಿಯುತ್ತದೆ. ಏಪ್ರಿಲ್–ಮೇ ತಿಂಗಳಲ್ಲಿ ಹೊಲಗಳು ಬರಿದಾಗಿ, ಇಲಿಗಳ ಸಂಖ್ಯೆ ಕಡಿಮೆಯಿದ್ದು, ಉಳಿದವು ಹಸಿದಿರುವಾಗ ಎರೆಗೆ ಬೇಗ ಬೀಳುತ್ತವೆ. ಮುಂಗಾರಿನ ನಂತರ ಹಸಿರು ತುಂಬಿದ ಮೇಲೆ ಅದೇ ಕೆಲಸಕ್ಕೆ ಹೆಚ್ಚು ಬೋನುಗಳು ಬೇಕಾಗುತ್ತವೆ. ಒಂದೇ ಮನೆಯವರು ಮಾಡಿದ ಹತೋಟಿ ಪಕ್ಕದ ಹಿತ್ತಿಲಿನ ಇಲಿಗಳಿಗೆ ಖಾಲಿ ಜಾಗ ಒದಗಿಸಿದಂತಾಗುವುದರಿಂದ ಓಣಿಯ ಮನೆಗಳೆಲ್ಲ ಒಂದೇ ವಾರದಲ್ಲಿ ಕೈಹಾಕುವುದು ಸರಿಯಾದ ಕ್ರಮ.

ನಗರಗಳಲ್ಲಿ ಈಚೆಗೆ ಹೆಚ್ಚಿರುವ ತಾರಸಿ ತೋಟಗಳಿಗೆ ಹೆಗ್ಗಣದ ಭಯವಿಲ್ಲ, ಮನೆ ಇಲಿಯದೇ ಕಾಟ. ಅದು ಮಳೆನೀರಿನ ಕೊಳವೆ, ಕೇಬಲ್ ತಂತಿ, ಗೋಡೆಗೆ ಹಬ್ಬಿಸಿದ ಬಳ್ಳಿಗಳನ್ನು ಹಿಡಿದು ಮೂರು ನಾಲ್ಕು ಮಹಡಿ ಏರುತ್ತದೆ, ಸಾಲಾಗಿ ಒತ್ತಿ ಇಟ್ಟ ಕುಂಡಗಳ ನಡುವೆ ತೆಂಗಿನ ನಾರಿನ ಗೂಡು ಕಟ್ಟುತ್ತದೆ, ಟೊಮ್ಯಾಟೊ ಕೆಂಪಾಗುವ ರಾತ್ರಿಗೆ ಕಾಯುತ್ತದೆ. ಕೊಳವೆಗೆ ತಗಡಿನ ಕೊರಳಪಟ್ಟಿ ತೊಡಿಸಿ, ಅದರ ಮೇಲ್ಬಾಯಿಗೆ ಜಾಲರಿ ಬಿಗಿದು, ಕುಂಡಗಳನ್ನು ಗೋಡೆಯಿಂದ ಒಂದು ಗೇಣು ಸರಿಸಿ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಇಟ್ಟು, ಹಣ್ಣನ್ನು ಬಣ್ಣ ತಿರುಗುವಾಗಲೇ ಕಿತ್ತು ಒಳಗೆ ಮಾಗಿಸಿದರೆ ತಾರಸಿಯಲ್ಲಿ ವಿಷದ ಅಗತ್ಯ ಸಾಮಾನ್ಯವಾಗಿ ಬೀಳುವುದಿಲ್ಲ.